ಚಿಂದಿಯ ಗುಡ್ಡೆ, ಉಕ್ಕಿನ ಕನ್ನಡಿ

ಅಪ್ಪನ ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಹಿಡಿ ವೇಸ್ಟ್ ನೂಲು ಇರುತ್ತಿತ್ತು. ದಾವಣಗೆರೆಯ ಗಿರಣಿಯಲ್ಲಿ ಅದರಿಂದ ಯಂತ್ರ ಒರೆಸಿ, ಕೈ ಒರೆಸಿ, ಮಿಕ್ಕಿದ್ದನ್ನು ಮನೆಗೆ ತಂದು ಸೈಕಲ್ಲಿನ ಚೈನು ಒರೆಸುತ್ತಿದ್ದರು. ಗಿರಣಿ ಮುಚ್ಚಿದ ಮೇಲೂ ಅಟ್ಟದ ಮೇಲಿನ ಡಬ್ಬಿಯಲ್ಲಿ ಆ ನೂಲು ಬಹಳ ಕಾಲ ಉಳಿದಿತ್ತು. ಎಣ್ಣೆ ಮೆತ್ತಿಕೊಂಡು ಕಪ್ಪಾಗಿ, ಇಲಿಯ ಗೂಡಿನ ಹಾಗೆ.

ಇದೆಲ್ಲ ನೆನಪಾದದ್ದು ಇಟಲಿಯ ಒಂದು ಅರಮನೆಯಲ್ಲಿ, ಬೆತ್ತಲೆ ಹೆಂಗಸೊಬ್ಬಳ ಬೆನ್ನು ನೋಡುತ್ತ ನಿಂತಾಗ.

ತೊರಿನೊ ನಗರಕ್ಕೆ ಓದಲು ಬಂದು, ಇಲ್ಲೇ ಕೆಲಸ ಹಿಡಿದು ಉಳಿದುಕೊಂಡವನು ನಾನು. ಮೆಟ್ರೊದಲ್ಲಿ ಫೆರ್ಮಿ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದರೆ ರಿವೋಲಿ. ಗುಡ್ಡದ ಮೇಲೆ ಸವೋಯ್ ರಾಜರು ಅರ್ಧಕ್ಕೇ ಬಿಟ್ಟ ಅರಮನೆ ಇದೆ. 1984ರಿಂದ ಅದು ಸಮಕಾಲೀನ ಕಲೆಯ ಮ್ಯೂಸಿಯಂ. ಕಲೆಯ ಮೇಲೆ ನನಗೇನೂ ಅಂಥ ಪ್ರೀತಿ ಇರಲಿಲ್ಲ. ರೂಮಿನಲ್ಲಿ ಹೀಟರ್ ಕೆಟ್ಟಿದ್ದ ಒಂದು ಭಾನುವಾರ, ಬೆಚ್ಚಗಿರುವ ಜಾಗ ಬೇಕಾಗಿತ್ತು, ಹೋದೆ.

ಅಲ್ಲಿ ಹಳೆ ಬಟ್ಟೆಯ ಒಂದು ಗುಡ್ಡೆ. ಅಂಗಿ, ಸ್ವೆಟರ್, ಪರದೆ, ಚಾದರ, ಎಲ್ಲ ಬಣ್ಣದವು, ಆಳೆತ್ತರ. ಅದಕ್ಕೆ ಮುಖ ಒತ್ತಿಕೊಂಡ ಹಾಗೆ, ನಮಗೆ ಬೆನ್ನು ಕೊಟ್ಟು ನಿಂತ ಬಿಳಿ ವೀನಸ್, ರೋಮನ್ನರ ಸೌಂದರ್ಯದೇವತೆ. ಚಿಂದಿಯ ವೀನಸ್, 1967. ಮಾಡಿದವರು ಮಿಕೆಲಾಂಜೆಲೊ ಪಿಸ್ತೊಲೆತ್ತೊ. ಯಾವುದೋ ದೇವಾಲಯದಿಂದ ಬಂದ ಅಮೃತಶಿಲೆಯ ಪ್ರತಿಮೆ ಅಂದುಕೊಂಡಿದ್ದೆ. ಓದಿದರೆ, ಮೊದಲು ಮಾಡಿದಾಗ ಅವರು ಬಳಸಿದ್ದು ಮನೆ ಮುಂದಿನ ತೋಟದಲ್ಲಿ ಇಡುವ ಸಿಮೆಂಟ್ ಬೊಂಬೆ. ಬಟ್ಟೆ ಎಲ್ಲಿಯವು ಅಂತ ಗೊತ್ತಾದಾಗ ಮಾತ್ರ ನಾನು ನಿಂತಲ್ಲೇ ನಿಂತೆ. ತಮ್ಮ ಸ್ಟುಡಿಯೋದಲ್ಲಿ ಉಕ್ಕಿನ ಹಾಳೆ ಒರೆಸಿ ಹೊಳಪು ಕೊಡಲು ಇಟ್ಟುಕೊಂಡಿದ್ದ ಚಿಂದಿಗಳಂತೆ ಅವು. ಅಂದರೆ ಅಪ್ಪನ ಜೇಬಿನ ಸರಕೇ.

ಫೋಟೊ ತೆಗೆದು ಅವ್ವನಿಗೆ ಕಳಿಸಿದೆ. ಹಳೆ ಸೀರೆ, ಹರಿದ ಪಂಚೆ ಕೂಡಿಸಿ ಕೌದಿ ಹೊಲಿಯುವ ಕೈ ಅವಳದು. ರಾತ್ರಿ ಫೋನು ಬಂತು.

"ಅಲ್ಲೋ, ಅಷ್ಟು ಬಟ್ಟೇಲಿ ಎಂಟು ಕೌದಿ ಆಗ್ತಿದ್ವು. ಸುಮ್ನೆ ಗುಡ್ಡೆ ಹಾಕ್ಕಂಡು ನಿಂತಾಳಲ್ಲ ಅವ್ಳು!"

ಈ ಕೃತಿಯ ಬಗ್ಗೆ ಆಮೇಲೆ ಎಷ್ಟೋ ವಿಮರ್ಶೆ ಓದಿದ್ದೇನೆ. ಇದಕ್ಕಿಂತ ಚೊಕ್ಕದ್ದು ಸಿಕ್ಕಿಲ್ಲ.

ಪಿಸ್ತೊಲೆತ್ತೊ ಹುಟ್ಟಿದ್ದು 1933ರಲ್ಲಿ, ತೊರಿನೊಗೆ ಹತ್ತಿರದ ಬಿಯೆಲ್ಲಾ ಎಂಬ ಉಣ್ಣೆಯ ಊರಿನಲ್ಲಿ. ತಂದೆ ಚಿತ್ರಕಾರ, ಹಳೆಯ ಚಿತ್ರಗಳನ್ನು ರಿಪೇರಿ ಮಾಡುವವರು. ಹದಿನಾಲ್ಕನೇ ವಯಸ್ಸಿಗೆ ಮಗನೂ ಅದೇ ಕೆಲಸಕ್ಕೆ ಕೂತ. ಹತ್ತು ವರ್ಷ ಕಂಡವರ ಚಿತ್ರಗಳ ಬಿರುಕು ಮುಚ್ಚಿದ್ದೇ ಅವರ ಕಲಾಶಾಲೆ ಅಂತ ನನ್ನ ಎಣಿಕೆ. ಚಿನ್ನದ ತಗಡಿನ ಹಿನ್ನೆಲೆಯ ಮೇಲೆ ಸಂತರು ನಿಂತಿರುವ ಹಳೆಯ ಚಿತ್ರಗಳಿರುತ್ತವಲ್ಲ, ಮುಂದೆ ಇವರೂ ಚಿನ್ನ, ಬೆಳ್ಳಿಯ ಬಣ್ಣದ ಹಿನ್ನೆಲೆಯ ಮೇಲೆ ಮನುಷ್ಯರನ್ನು ಬರೆದು ನೋಡಿದರು. ನಡುವೆ ತಾಯಿ ಅವರನ್ನು ಜಾಹೀರಾತು ಕಲಿಯಲು ಅರ್ಮಾಂದೊ ತೆಸ್ತಾ ಅವರ ಶಾಲೆಗೂ ಸೇರಿಸಿದ್ದುಂಟು.

ತಿರುವು ಬಂದದ್ದು 1961ರಲ್ಲಿ. ಕಪ್ಪು ಬಣ್ಣದ ಮೇಲೆ ದಪ್ಪಗೆ ವಾರ್ನಿಷ್ ಹೊಡೆದಿದ್ದರು. ಅದರ ಮೇಲೆ ತಮ್ಮದೇ ಮುಖ ಬರೆಯಲು ಹೊರಟರೆ, ಬರೆಯುವ ಮೊದಲೇ ಮುಖ ಅಲ್ಲಿ ಕಂಡಿತು. ಮರುವರ್ಷ ಕ್ಯಾನ್ವಾಸ್ ಬಿಟ್ಟು ಕನ್ನಡಿಯಂತೆ ತಿಕ್ಕಿದ ಸ್ಟೇನ್‌ಲೆಸ್ ಸ್ಟೀಲ್ ಹಾಳೆಗೆ ಬಂದರು. ಒಬ್ಬರ ಫೋಟೊವನ್ನು ಆಳೆತ್ತರಕ್ಕೆ ಹಿಗ್ಗಿಸಿ, ತೆಳುವಾದ ಟಿಶ್ಯೂ ಕಾಗದದ ಮೇಲೆ ಅದರ ಅಚ್ಚು ತೆಗೆದು ಬಣ್ಣ ತುಂಬಿ, ಕತ್ತರಿಸಿ, ಉಕ್ಕಿಗೆ ಅಂಟಿಸುವುದು. ಚಿತ್ರದಲ್ಲಿರುವವರು ಅಲುಗುವುದಿಲ್ಲ, ಅವರ ಅಕ್ಕಪಕ್ಕದಲ್ಲಿ ನೋಡಲು ಬಂದ ನಾವು ಓಡಾಡುತ್ತೇವೆ. 1970ರ ದಶಕದ ಶುರುವಿನಿಂದ ಕಾಗದದ ಬದಲು ಸಿಲ್ಕ್‌ಸ್ಕ್ರೀನ್ ಅಚ್ಚು ಬಂತು. ನನಗೆ ಹಳೆಯವೇ ಇಷ್ಟ. ಪಕ್ಕಕ್ಕೆ ಸರಿದು ನೋಡಿದರೆ ಕಾಗದದ ಅಂಚು ಕಾಣುತ್ತದೆ, ಕತ್ತರಿ ಎಲ್ಲಿ ಸ್ವಲ್ಪ ತಪ್ಪಿತು ಅನ್ನುವುದೂ.

ಕನ್ನಡಿಗಳು ಪ್ಯಾರಿಸ್‌ಗೆ ಹೋದವು, ಅಮೆರಿಕಕ್ಕೆ ಹೋದವು, ಹೆಸರೂ ಬಂತು. ಬೇರೆ ಯಾರಾದರೂ ಆಗಿದ್ದರೆ ಜೀವನಪೂರ್ತಿ ಕನ್ನಡಿ ಮಾಡಿಕೊಂಡು ಹಾಯಾಗಿರುತ್ತಿದ್ದರು. ಇವರು 1965-66ರಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ವಸ್ತುಗಳನ್ನು ಮಾಡಿ ತಮ್ಮ ಸ್ಟುಡಿಯೋದಲ್ಲಿ ಹರಡಿದರು. ಹತ್ತಾರು ಜನ ಸೇರಿ ಮಾಡಿದಂತೆ ಇರಬೇಕು ಎಂಬ ಹಟ. ಕಳೆದ ವಸ್ತುಗಳು ಅಂತ ಅವಕ್ಕೆ ಹೆಸರು. ಕಳೆದುಹೋದದ್ದಲ್ಲ, ಕೂಡುವ ಕಳೆಯುವ ಲೆಕ್ಕದ ಕಳೆ. ಮಾಡಿದ್ದೊಂದು, ಮಾಡಬಹುದಾದವುಗಳಲ್ಲಿ ಒಂದು ಕಡಿಮೆಯಾದ ಹಾಗೆ. 1967ರಲ್ಲಿ ವಿಮರ್ಶಕ ಜೆರ್ಮಾನೊ ಚೆಲಾಂತ್ ಮಣ್ಣು, ಬಟ್ಟೆ, ಕಲ್ಲಿದ್ದಲಿನಂಥ ಬಡ ಸಾಮಗ್ರಿ ಹಿಡಿದ ಕಲಾವಿದರಿಗೆಲ್ಲ ಆರ್ತೆ ಪೊವೆರಾ, ಬಡಕಲೆ, ಎಂದು ಹೆಸರಿಟ್ಟಾಗ ಇವರೂ ಅದರಲ್ಲಿದ್ದರು. ಅದೇ ಸುಮಾರಿಗೆ ಹಳೆ ಪೇಪರಿನ ದೊಡ್ಡ ಉಂಡೆ ಕಟ್ಟಿ ತೊರಿನೊದ ಬೀದಿಗಳಲ್ಲಿ ಉರುಳಿಸಿಕೊಂಡು ಹೋದರು. ನಾನು ದಿನಾ ಟ್ರಾಮ್ ಕಾಯುವ ರಸ್ತೆಯಲ್ಲೂ ಅದು ಉರುಳಿರಬಹುದು ಅಂತ ಆಗಾಗ ಅನ್ನಿಸುತ್ತದೆ.

2003ರಲ್ಲಿ ವೆನಿಸ್ ಬಿಯೆನಾಲೆ ಎಂಬ ಕಲಾಮೇಳ ಇವರಿಗೆ ಜೀವಮಾನ ಸಾಧನೆಗೆ ಚಿನ್ನದ ಸಿಂಹ ಪ್ರಶಸ್ತಿ ಕೊಟ್ಟಿತು. 2009ರಲ್ಲಿ ಅದೇ ವೆನಿಸ್‌ನಲ್ಲಿ ಸುತ್ತಿಗೆ ಹಿಡಿದು 22 ದೊಡ್ಡ ಕನ್ನಡಿಗಳಲ್ಲಿ 20ನ್ನು ಒಡೆದು ಹಾಕಿದರು. ಆಗ ಅವರಿಗೆ ಎಪ್ಪತ್ತೈದು.

ಚಿಂದಿಯ ವೀನಸ್‌ಗೂ ಒಂದು ಗ್ರಹಚಾರ ಕಾದಿತ್ತು. ನೇಪಲ್ಸ್‌ನ ಒಂದು ಚೌಕದಲ್ಲಿ ನಿಲ್ಲಿಸಿದ್ದ ಅದರ ಭಾರೀ ಆವೃತ್ತಿಗೆ 2023ರ ಜುಲೈ 12ರ ಬೆಳಗಿನ ಜಾವ ಬೆಂಕಿ ಬಿತ್ತು, ಉಳಿದದ್ದು ಸುಟ್ಟ ಕಬ್ಬಿಣದ ಚೌಕಟ್ಟು. ಬಂಧನಕ್ಕೊಳಗಾದವನು ಮನೆ ಇಲ್ಲದ ಒಬ್ಬ ಮನುಷ್ಯ. ಹೊದೆಯಲು ಗತಿ ಇಲ್ಲದವನು, ಬಟ್ಟೆಯ ಬೆಟ್ಟ. ನಮ್ಮ ಆಫೀಸಿನ ಕಾಫಿ ಯಂತ್ರದ ಮುಂದೆ ಅವತ್ತು ಎಲ್ಲರೂ ದೇವತೆಗೆ ಮರುಗಿದರು. ಮರುವರ್ಷ ಹೊಸ ವೀನಸ್ ಅದೇ ಜಾಗದಲ್ಲಿ ನಿಂತಳು.

ಹೋದ ಮೇ ತಿಂಗಳಲ್ಲಿ ಬಿಯೆಲ್ಲಾಕ್ಕೆ ಹೋಗಿಬಂದೆ. ಸಾಂತಿಯಾದ ಸುತ್ತ ರೈಲಿನ ಎರಡೂ ಕಡೆ ನೀರು ನಿಲ್ಲಿಸಿದ ಭತ್ತದ ಗದ್ದೆ. ಭದ್ರಾ ನಾಲೆಯ ಬಯಲು ಅನ್ನಬೇಕು, ಅಷ್ಟರಲ್ಲಿ ಹಿಂದೆ ಹಿಮದ ಆಲ್ಪ್ಸ್ ಕಂಡು ಕನಸು ಒಡೆಯುತ್ತದೆ. ಬಿಯೆಲ್ಲಾ ಬೆಳೆದದ್ದೇ ನೀರಿನಿಂದ. ಬೆಟ್ಟದಿಂದ ಇಳಿಯುವ ಚೆರ್ವೊ ಹೊಳೆಯ ಮೆದು ನೀರು ಉಣ್ಣೆ ತೊಳೆಯಲು ಹೇಳಿಮಾಡಿಸಿದ್ದು. ದಡದುದ್ದಕ್ಕೂ ಗಿರಣಿಗಳು. ಕೆಲವು ಇನ್ನೂ ನಡೆಯುತ್ತಿವೆ, ಹಲವು ಕಿಟಕಿ ಒಡೆದುಕೊಂಡು ನಿಂತಿವೆ. ಇದನ್ನು ಇಟಲಿಯ ಮ್ಯಾಂಚೆಸ್ಟರ್ ಅಂತಾರೆ ಎಂದು ಅಲ್ಲಿಯ ಗೆಳೆಯ ಹೆಮ್ಮೆಯಿಂದ ಹೇಳಿದ. ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು ಕಣೋ ಅಂದೆ. ಈಗ ಏನಂತಾರೆ ಅಂದ. ಬೆಣ್ಣೆ ದೋಸೆ ಅಂತಾರೆ ಅಂದೆ. ದೋಸೆ ಎಂದರೇನು ಎಂದು ವಿವರಿಸುವುದರಲ್ಲಿ ಅರ್ಧ ದಾರಿ ಸವೆಯಿತು.

ಹಾಗೆ ಪಾಳು ಬಿದ್ದಿದ್ದ ಒಂದು ಉಣ್ಣೆ ಗಿರಣಿಯನ್ನು ಪಿಸ್ತೊಲೆತ್ತೊ 1990ರ ದಶಕದಲ್ಲಿ ಕೊಂಡು, 1998ರಲ್ಲಿ ಚಿತ್ತಾದೆಲ್ಲಾರ್ತೆ ಎಂಬ ಸಂಸ್ಥೆ ಕಟ್ಟಿದರು. ಅವರ ಕೃತಿಗಳಿವೆ, ಬೇರೆ ಬೇರೆ ದೇಶದ ಕಲಾವಿದರು ಬಂದು ಉಳಿಯುತ್ತಾರೆ, ಪರಿಸರಕ್ಕೆ ಹಾನಿಯಾಗದ ಬಟ್ಟೆಯ ಮೇಲೂ ಕೆಲಸ ನಡೆಯುತ್ತದೆ. ಮೂರು ಸುತ್ತಿನ ಒಂದು ಗುರುತು ಎಲ್ಲೆಲ್ಲೂ: ಅನಂತದ ಚಿಹ್ನೆಯ ನಡುವೆ ಇನ್ನೊಂದು ಕುಣಿಕೆ. ಮೂರನೇ ಸ್ವರ್ಗ ಅಂತ ಅದರ ಹೆಸರು, ಪ್ರಕೃತಿ ಒಂದು, ಮನುಷ್ಯ ಕಟ್ಟಿದ್ದು ಇನ್ನೊಂದು, ಎರಡೂ ಹೊಂದಿಕೊಂಡದ್ದು ಮೂರನೆಯದು. 2017ರಲ್ಲಿ ಇಟಲಿಯ ಗಗನಯಾತ್ರಿಯೊಬ್ಬರ ಯಾನದ ಲಾಂಛನದಲ್ಲೂ ಅದಿತ್ತು. ಆಶಯ ದೊಡ್ಡದು, ಆದರೆ ಅಷ್ಟು ಕಡೆ ಕಂಡ ಮೇಲೆ ಅಂಗಡಿ ಬೋರ್ಡಿನ ಥರ ಆಗಿಬಿಟ್ಟಿದೆ. ನನ್ನ ಕಣ್ಣು ಹೋದದ್ದು ಛಾವಣಿಯ ಕಬ್ಬಿಣದ ಕಂಬಗಳ ಕಡೆಗೆ. ನಮ್ಮೂರ ಗಿರಣಿಯ ಒಳಗೆ ನಾನು ಕಾಲಿಟ್ಟದ್ದು ಒಂದೇ ಸಲ, ಆಯುಧಪೂಜೆಯ ದಿನ. ಅವತ್ತು ಕಂಬಕ್ಕೆ ಬಾಳೆಗಿಡ ಕಟ್ಟಿದ್ದರು.

ಕನ್ನಡಿ ಚಿತ್ರಗಳ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಊರಲ್ಲಿ ಮಧ್ಯಾಹ್ನ ಮೂರು ಗಂಟೆ, ಅವ್ವ ಎದ್ದಿರುತ್ತಾಳೆ ಅಂತ ವಿಡಿಯೊ ಕಾಲ್ ಮಾಡಿ, ಫೋನನ್ನು ಉಕ್ಕಿನ ಕಡೆ ತಿರುಗಿಸಿದೆ. ಅದರಲ್ಲಿ ನಾನು, ನನ್ನ ಜರ್ಕಿನ್ನು, ಹಿಂದಿನ ಕಿಟಕಿ. ಪಕ್ಕದಲ್ಲಿ ಕೋಟು ತೊಟ್ಟು ನಿಂತ ಕಾಗದದ ಮನುಷ್ಯ.

ಅವ್ವ ಸೆರಗು ಸರಿಮಾಡಿಕೊಂಡಳು.

"ಪಕ್ಕದಾಗೆ ಯಾರೋ ನಿಂತಾರಲ್ಲೋ, ನಿಮ್ಮ ಆಫೀಸಿನೋರಾ? ಅವರದ್ದು ಊಟ ಆಯ್ತಾ ಕೇಳು."