ಸೀಟಿ ಇಲ್ಲದ ಆಟ

ಬಸವಕಲ್ಯಾಣದ ಶಾಲೆಯೊಂದರಲ್ಲಿ ನಿವೃತ್ತಿಯವರೆಗೂ ನಾನು ದೈಹಿಕ ಶಿಕ್ಷಣ ಶಿಕ್ಷಕ. ಕಬಡ್ಡಿಯಲ್ಲಿ ಕೈ ತಾಗಿತೋ ಇಲ್ಲವೋ ಎಂಬ ಜಗಳ ಬಿಡಿಸುವುದರಲ್ಲೇ ಆಯುಷ್ಯ ಸವೆಯಿತು. ಪಂದ್ಯಕ್ಕೆ ಮೊದಲು ಬಸವಣ್ಣನ ಪಟಕ್ಕೆ ಕೈಮುಗಿದು, ಅಂಕಣಕ್ಕಿಳಿದ ಮೇಲೆ ‘ತಾಗಿಯೇ ಇಲ್ಲ ಸರ್’ ಎಂದು ಅದೇ ಬಸವಣ್ಣನ ಮೇಲೆ ಆಣೆ ಇಡುವ ಹುಡುಗರನ್ನು ಎಷ್ಟು ನೋಡಿಲ್ಲ!

ಅವರ ನಡುವೆ ಒಬ್ಬ ಬೇರೆಯೇ ಇದ್ದ. ನನ್ನ ಕಣ್ಣಿಗೆ ಬೀಳದಿದ್ದರೂ ತಾನೇ ಕೈಯೆತ್ತಿ ಹೊರನಡೆಯುತ್ತಿದ್ದ. ತಾಲ್ಲೂಕು ಪಂದ್ಯಕ್ಕೆ ಇವನು ಬೇಡ ಎಂದು ತಂಡದ ನಾಯಕನೇ ನನ್ನಲ್ಲಿ ಬೇಡಿಕೊಂಡಿದ್ದ. ಈಗ ಅವನು ಬೆಂಗಳೂರಿನಲ್ಲಿ ಗಾಲ್ಫ್ ಆಡುವವರ ಚೀಲ ಹೊರುವ ಕ್ಯಾಡಿ. ಕಳೆದ ದೀಪಾವಳಿಗೆ ಊರಿಗೆ ಬಂದವನು, ಯಾರೋ ಕೊಟ್ಟ ಹಳೆಯ ಕ್ಲಬ್ಬು, ಅಂದರೆ ಚೆಂಡು ಹೊಡೆಯುವ ಕೋಲು, ಜೊತೆಗೆ ನಾಲ್ಕಾರು ಚೆಂಡು ಹಿಡಿದು, ‘ಬನ್ನಿ ಸರ್, ಇವತ್ತು ನಾನು ಕಲಿಸುತ್ತೇನೆ’ ಎಂದು ತ್ರಿಪುರಾಂತ ಕೆರೆಯ ಕಡೆಯ ಬಯಲಿಗೆ ಕರೆದೊಯ್ದ.

ಗಾಲ್ಫ್ ಉಳ್ಳವರ ಚಟ ಎಂದೇ ನನಗೆ ಈಗಲೂ ಅನ್ನಿಸುತ್ತದೆ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಕಂಚು ಕಳೆದುಕೊಂಡ ಬೆಳಿಗ್ಗೆ ಮಾತ್ರ ಟಿವಿ ಮುಂದೆ ಕುಳಿತಿದ್ದೆ.

ಹುಡುಗ ಮೊರಂ ನೆಲದಲ್ಲಿ ಕುಳಿ ತೋಡಿದ. ನಿಯಮದ ಪ್ರಕಾರ ಅಗಲ 108 ಮಿಲಿಮೀಟರ್ ಇರಬೇಕಂತೆ. ನಮ್ಮದು ಹೆಂಚಿನ ಚೂರಿನಿಂದ ಕೆತ್ತಿದ ಅಂದಾಜು. ಹೊಡೆಯಲು ನಿಂತಾಗ ಅವನ ಕ್ಲಬ್ಬು ತಾಗಿ ಚೆಂಡು ಗೋಧಿಕಾಳಿನಷ್ಟು ಸರಿಯಿತು. ನಾನು ಎಮ್ಮೆಗಳನ್ನು ನೋಡುತ್ತಿದ್ದೆ. ಅವನು ಚೆಂಡನ್ನು ಮೊದಲಿನ ಜಾಗಕ್ಕಿಟ್ಟು, ‘ನನಗೆ ಒಂದು ಹೊಡೆತ ದಂಡ’ ಎಂದ. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದವನೇ ಗೆಲ್ಲುವ ಆಟದಲ್ಲಿ ಲೆಕ್ಕಕ್ಕೆ ಒಂದು ಹೊಡೆತ ಹೆಚ್ಚಾಯಿತು.

‘ಹಾಕಿದವರು ಯಾರು?’

‘ನಾನೇ ಸರ್. ಇಲ್ಲಿ ಸೀಟಿ ಇಲ್ಲ.’

1925ರ ಅಮೆರಿಕ ಓಪನ್ ಗಾಲ್ಫ್‌ನಲ್ಲಿ ಬಾಬಿ ಜೋನ್ಸ್ ಎಂಬ ಆಟಗಾರ ಬೇರಾರೂ ಕಾಣದ ಇಂಥದೇ ಅಲುಗಾಟಕ್ಕೆ ತನಗೆ ತಾನೇ ದಂಡ ಹಾಕಿಕೊಂಡನಂತೆ. ಆ ಒಂದು ಹೊಡೆತದಿಂದ ಪಂದ್ಯ ಸಮವಾಗಿ, ಕೊನೆಗೆ ಪ್ಲೇ-ಆಫ್‌ನಲ್ಲಿ ಸೋತ. ನನಗೆ ನೆನಪಾದದ್ದು ನಮ್ಮ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಗಂಡ ಒಂದು ದಿನ ಹೆಚ್ಚು ತಂದರೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದವಳು ಅವಳು. ಆ ಅಕ್ಕಿಯನ್ನು ಅಳೆಯಲು ಯಾವ ಅಧಿಕಾರಿಯೂ ಬಂದಿರಲಿಲ್ಲ.

ಸೀಟಿ ಊದುವವನ ಕಣ್ಣು ತಪ್ಪಿಸುವುದೂ ಆಟದ ಭಾಗವೇ ಎಂದು ಮಕ್ಕಳು ಬಲು ಬೇಗ ಕಲಿಯುತ್ತಾರೆ. ದೇವರನ್ನೂ ನಾವು ಅವರಿಗೆ ದೊಡ್ಡ ಅಂಪೈರ್ ಎಂದೇ ತೋರಿಸಿದ್ದೇವೆ. ಅವನಿಂದ ನುಸುಳಿಕೊಳ್ಳಲು ಹರಕೆ, ತಪ್ಪುಕಾಣಿಕೆ ಎಲ್ಲ ಸಿದ್ಧವಾಗಿಯೇ ಇವೆ. ಈ ಹುಡುಗನ ಮನೆಯಲ್ಲಿ ಪೂಜೆ-ಪುನಸ್ಕಾರ ಅಷ್ಟಕ್ಕಷ್ಟೇ. ಅವನಿಗೆ ಇದನ್ನು ಕಲಿಸಿದ್ದು ನಾನು ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ, ಆದರೆ ಅವನು ಬಂದದ್ದೇ ಹಾಗೆ.

ಮರಳುವಾಗ ಕೇಳಿದೆ: ‘ನೀನು ಚೀಲ ಹೊರುವ ಸಾಹೇಬರೆಲ್ಲ ಹೀಗೆಯೇ ಏನಪ್ಪಾ?’

ನಕ್ಕ. ‘ಪೊದೆಯೊಳಗಿನ ಚೆಂಡು ತಾನಾಗಿ ಹುಲ್ಲಿಗೆ ಬಂದಿರುತ್ತದೆ ಸರ್. ಏಳು ಹೊಡೆದವರು ಐದು ಎನ್ನುತ್ತಾರೆ.’

‘ನೀನೇನು ಮಾಡುತ್ತೀ?’

‘ಚೀಲ ಹೊತ್ತು ಮುಂದಿನ ಕುಳಿಗೆ ನಡೆಯುತ್ತೇನೆ. ಕೇಳಿದರೆ ಮಾತ್ರ ಏಳು ಎನ್ನುತ್ತೇನೆ. ಒಬ್ಬರು ಕೇಳಿದರು. ಮಾರನೆಯ ದಿನ ಬೇರೆ ಕ್ಯಾಡಿಯನ್ನು ಕರೆದುಕೊಂಡರು.’