ಖಾಲಿ ಜೇಬಿಗೆ ಹೋದ ಕೈ

ಆ ಭಾನುವಾರ ಬೆಳಿಗ್ಗೆ ಮೊಬೈಲನ್ನು ಬೀರುವಿನಲ್ಲಿಟ್ಟು ಧ್ಯಾನಕ್ಕೆ ಕುಳಿತೆ. ಮೂಗಿನ ಹೊಳ್ಳೆಗಳ ಬಳಿ ಉಸಿರು ಬಂದುಹೋಗುವುದನ್ನು 20 ನಿಮಿಷ ಗಮನಿಸುವುದಷ್ಟೇ ಕೆಲಸ. ನಾಲ್ಕೈದು ಉಸಿರು ಕಳೆದಿತ್ತೋ ಇಲ್ಲವೋ, ಬಲಗೈ ತಾನಾಗಿಯೇ ಜೇಬಿಗೆ ಹೋಯಿತು. ಜೇಬು ಖಾಲಿ. ಮೊಬೈಲ್ ಅಲ್ಲಿಲ್ಲವೆಂದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಿಜಕ್ಕೂ ಭಯವಾಯಿತು.

ಎದ್ದು ಒಂದು ಹಾಳೆ ತೆಗೆದುಕೊಂಡೆ. ಕೈ ಜೇಬಿಗೆ ಹೋದಾಗಲೆಲ್ಲ ಒಂದು ಗೀಟು ಎಳೆದು, ಆಗ ಏನು ಮಾಡುತ್ತಿದ್ದೆನೆಂದು ಪಕ್ಕದಲ್ಲಿ ಬರೆಯತೊಡಗಿದೆ. ಮಧ್ಯಾಹ್ನದ ಹೊತ್ತಿಗೆ 31 ಗೀಟುಗಳು! ಬೇಸರ ಕಳೆಯಲು ಮೊಬೈಲ್ ನೋಡುತ್ತೇನೆಂದೇ ಇಷ್ಟು ದಿನ ತಿಳಿದಿದ್ದೆ. ಹಾಳೆಯಲ್ಲಿದ್ದುದು ಬೇರೆ ಕಥೆ. ಪುಸ್ತಕದಲ್ಲಿ ಕಠಿಣವಾದ ಪ್ಯಾರಾ ಬಂದಾಗ, ಲೆಕ್ಕ ತಾಳೆಯಾಗದಾಗ, ಹಳೆಯ ಗೆಳೆಯನಿಗೆ ಬರೆಯುತ್ತಿದ್ದ ಪತ್ರದಲ್ಲಿ ಕ್ಷಮೆ ಕೇಳಬೇಕಾದ ಸಾಲು ಬಂದಾಗ ಕೈ ಹೊರಡುತ್ತಿತ್ತು. ಆ ಒಂದು ಸಾಲಿನ ಎದುರೇ ಏಳು ಗೀಟುಗಳಿದ್ದವು.

ಮಧ್ಯಾಹ್ನ ಮತ್ತೆ ಕುಳಿತೆ. ತುಡಿತ ಬಂದಾಗ ಈ ಸಲ ಅದನ್ನು ಅದುಮಲು ಹೋಗದೆ, ದೇಹದಲ್ಲಿ ಎಲ್ಲಿದೆಯೆಂದು ಹುಡುಕಿದೆ. ಎದೆಯ ನಡುವೆ ಸಣ್ಣ ಬಿಗಿತ, ಬೆರಳ ತುದಿಯಲ್ಲಿ ಚಡಪಡಿಕೆ. ಏರಿತು, ಕೊಂಚ ನಿಂತಿತು, ಇಳಿಯಿತು. ಹತ್ತು ಉಸಿರಿನ ಆಯುಷ್ಯವೂ ಅದಕ್ಕಿರಲಿಲ್ಲ. ಇಷ್ಟಕ್ಕೇ ವರ್ಷಗಳಿಂದ ಓಗೊಡುತ್ತಿದ್ದೆನೇ? ಮನಸ್ಸು ಅಲುಗಾಡಬಾರದೆಂದು ನಂಬಿ ಹಿಂದೆ ಎರಡು ಸಲ ಧ್ಯಾನವನ್ನು ಅರ್ಧಕ್ಕೇ ಬಿಟ್ಟಿದ್ದೆ. ಎತ್ತಲೋ ಹೋದ ಮನಸ್ಸನ್ನು ಬೈಯದೆ ಕರೆತರುವುದೇ ಅಭ್ಯಾಸ ಎಂಬುದು ಅಂದು ತಿಳಿಯಿತು.

ಹಾಗೆಂದು ಎಲ್ಲ ಹೊಣೆಯನ್ನೂ ಮನಸ್ಸಿನ ಮೇಲೆ ಹೊರಿಸುವುದು ಅನ್ಯಾಯ. ಪರದೆಯ ಮೇಲೆ ಎಷ್ಟು ಸರಿಸಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ತಂತ್ರಜ್ಞ ಅಜಾ ರಾಸ್ಕಿನ್, ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ವಿಷಾದಿಸಿದರು. ಅಧ್ಯಾಯ ಮುಗಿದಾಗ ಓದುಗನಿಗೆ ‘ಸಾಕು’ ಅನ್ನಿಸುವ ಜಾಗವೊಂದಿರುತ್ತದಲ್ಲ, ಅದನ್ನೇ ಅಂಥ ಪುಟ ಅಳಿಸಿಹಾಕುತ್ತದೆ. ಆ ಜಾಗವನ್ನು ನಾನೇ ಕಟ್ಟಿಕೊಳ್ಳಬೇಕಿತ್ತು. ಸಂಜೆ ಕರೆಗಳನ್ನು ಬಿಟ್ಟು ಉಳಿದ ನೋಟಿಫಿಕೇಶನ್‌ಗಳನ್ನೆಲ್ಲ ನಿಲ್ಲಿಸಿದೆ, ಪರದೆಯನ್ನು ಕಪ್ಪು-ಬಿಳುಪಾಗಿಸಿದೆ, ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಟ್ಟೆ. ಬೆಳಿಗ್ಗೆ ಎಬ್ಬಿಸಲು ಹಳೆಯ ಅಲಾರಂ ಗಡಿಯಾರಕ್ಕೆ ಕೀಲಿ ಕೊಟ್ಟೆ.

ರಾತ್ರಿ ಮತ್ತೆ ಆ ಪತ್ರವನ್ನು ತೆರೆದೆ. ಅದೇ ಸಾಲಿನ ಬಳಿ ಬಂದಾಗ ಕೈ ಮೆಲ್ಲಗೆ ಜೇಬಿನತ್ತ ಹೊರಟಿತು. ದಾರಿಯಲ್ಲೇ ಅದನ್ನು ಕಂಡೆ. 47ನೆಯ ಗೀಟು ಎಳೆದೆ. ಎದೆಯ ಬಿಗಿತ ಇಳಿಯುವವರೆಗೆ ಕಾದು, ಗೆಳೆಯನಲ್ಲಿ ಕ್ಷಮೆ ಕೇಳುವ ಸಾಲನ್ನು ಬರೆದೆ.