ಬುದ್ಧಿ ಹಲ್ಲಿನ ಸರ್ಜರಿ: ಹೇಳುವುದನ್ನು ಇಂಜೆಕ್ಷನ್‌ಗೂ ಮುಂಚೆ ಹೇಳಿ

ಬುದ್ಧಿ ಹಲ್ಲಿನ ಸರ್ಜರಿ ಮುಗಿದ ಕೂಡಲೇ ರೋಗಿಗೆ ಏನು ಹೇಳಿದರೂ ತಲೆಗೆ ಹೋಗುವುದು ಕಷ್ಟ. ತುಟಿ ಮರಗಟ್ಟಿರುತ್ತದೆ, ಬಾಯಲ್ಲಿ ಹತ್ತಿ ಇರುತ್ತದೆ, ಮನೆ ಸೇರಿದರೆ ಸಾಕು ಅನ್ನಿಸಿರುತ್ತದೆ. ನಾನು ಕೆಲಸ ಮಾಡುವ ಕ್ಲಿನಿಕ್‌ನಲ್ಲಿ ಸೂಚನೆ ಕೊಡುತ್ತಿದ್ದದ್ದು ಸರಿಯಾಗಿ ಆಗಲೇ. ಜೊತೆಗೊಂದು ಇಂಗ್ಲಿಷ್ ಚೀಟಿ. ಕನ್ನಡದಲ್ಲಿ ಮಾಡಿಸಿ ಅಂತ ಎಷ್ಟು ಕೇಳಿದರೂ ಮ್ಯಾನೇಜ್‌ಮೆಂಟ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವತ್ತು ಬಂದವರು ಲಾರಿ ಓಡಿಸುವವರು. ಓಪಿಜಿಯಲ್ಲಿ (ಇಡೀ ದವಡೆಯ ಎಕ್ಸ್‌-ರೇ) ಕೆಳಗಿನ ಬುದ್ಧಿ ಹಲ್ಲು ಪೂರ್ತಿ ಅಡ್ಡ ಮಲಗಿತ್ತು. ದವಡೆ ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್ ಕೊಟ್ಟು, ಒಸಡು ಕೊಯ್ದು ಫ್ಲಾಪ್ ಎತ್ತಿ, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆದೆ. ತುಂಡಾಗುವಾಗ ಟಕ್ ಅಂತ ಸದ್ದಾಯಿತು. ಅವರು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನೋವಾಯ್ತಾ ಅಂದರೆ ಇಲ್ಲ ಅಂತ ಕೈಯಾಡಿಸಿದರು. ಒತ್ತಡ, ಸದ್ದು ಗೊತ್ತಾಗುತ್ತದೆ. ನೋವಾದರೆ ಮಾತ್ರ ಕೈ ಎತ್ತಿ, ಇನ್ನೂ ಮರಗಟ್ಟಿಸುತ್ತೇವೆ ಅಂದೆ. ಹೊಲಿಗೆ ಹಾಕಿ, ಮಾಮೂಲಿ ಸೂಚನೆ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು. ಅರ್ಥವಾಗಿದೆ ಅಂದುಕೊಂಡೆ. ಬಾಯಲ್ಲಿ ಹತ್ತಿ ಕಚ್ಚಿಕೊಂಡವರು ಇನ್ನೇನು ಮಾಡಿಯಾರು?

ರಾತ್ರಿ ಅವರ ಹೆಂಡತಿಯ ಫೋನ್. "ಮೇಡಂ, ರಕ್ತ ನಿಲ್ತಾನೇ ಇಲ್ಲ. ಅರ್ಧ ಮಗ್ ತುಂಬಿದೆ."

ಕ್ಲಿನಿಕ್ ತೆಗೆಸಿದೆ. ಬಿಪಿ ಸರಿ ಇತ್ತು. ರಕ್ತ ತೆಳ್ಳಗಾಗುವ ಮಾತ್ರೆ ಏನಾದರೂ ತಗೊಳ್ತೀರಾ ಅಂತ ಮತ್ತೊಮ್ಮೆ ಕೇಳಿದೆ, ಇಲ್ಲ ಅಂದರು. ರಕ್ತ, ಎಂಜಲು ಎಳೆಯುವ ಸಕ್ಷನ್ ಹಾಕಿ ನೋಡಿದರೆ ಹೊಲಿಗೆ ಗಟ್ಟಿಯಾಗೇ ಇದ್ದವು, ಮೇಲೆಲ್ಲ ಸಡಿಲ ಹೆಪ್ಪು. ಅದನ್ನು ತೆಗೆದು, ಹೊಸ ಹತ್ತಿ ಮಡಚಿ ಕಚ್ಚಿಸಿ ಕಾದೆ. ಆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಕೆ ಗಂಡನ ಮುಖ ನೋಡುತ್ತಿದ್ದರು, ನಾನು ಗಡಿಯಾರ. ಹತ್ತಿ ತೆಗೆದಾಗ ರಕ್ತ ನಿಂತಿತ್ತು. ಮನೆಗೆ ಹೋದ ಕೂಡಲೇ ಹತ್ತಿ ಬಿಸಾಕಿ, ಸಂಜೆಯಿಂದ ಉಗುಳುತ್ತಲೇ ಇದ್ದರಂತೆ. ಉಗುಳಿದಷ್ಟೂ ಹೆಪ್ಪು ಕದಲಿ ಮತ್ತೆ ರಕ್ತ. ಮಗ್‌ನಲ್ಲಿ ಜಾಸ್ತಿ ಇದ್ದದ್ದು ಎಂಜಲೇ.

ಈಗ ಇಂಜೆಕ್ಷನ್‌ಗೂ ಮುಂಚೆ, ಜೊತೆಗೆ ಬಂದವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. 24 ಗಂಟೆ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಬೇಡ, ಎಂಜಲು ನುಂಗಿ. ಮೊದಲ ದಿನ ಕೆನ್ನೆಗೆ ಐಸ್, ಮಾರನೇ ದಿನದಿಂದ ಬೆಚ್ಚಗಿನ ಉಪ್ಪುನೀರು. ಊತ 2-3ನೇ ದಿನ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಬಾಯಿ ಪೂರ್ತಿ ತೆರೆಯಲು ಬರದಿದ್ದರೂ ಹೆದರಬೇಡಿ. ಆದರೆ ಕಡಿಮೆಯಾಗಿದ್ದ ನೋವು ತಿರುಗಿ ಕಿವಿವರೆಗೆ ಹೊಡೆಯತೊಡಗಿದರೆ ಡ್ರೈ ಸಾಕೆಟ್ (ಹೆಪ್ಪು ಕಳಚಿ ಮೂಳೆ ಬಯಲಾಗುವುದು) ಇರಬಹುದು, ಮಾತ್ರೆ ನುಂಗಿ ಸುಮ್ನೆ ಕೂರಬೇಡಿ, ಬನ್ನಿ. ತುಟಿ ಮಾರನೇ ದಿನವೂ ಮರಗಟ್ಟಿದ್ದರೆ ಫೋನ್ ಮಾಡಿ. ಬೀಡಿ, ಗುಟ್ಕಾ ಆ ವಾರವಂತೂ ಮುಟ್ಟಲೇಬೇಡಿ.

ಹೇಳಿ ಮುಗಿಸಿ, ಅವರ ಬಾಯಿಂದಲೇ ಒಮ್ಮೆ ಹೇಳಿಸುತ್ತೇನೆ. ಆಮೇಲೇ ಸಿರಿಂಜ್ ಕೈಗೆ ತಗೊಳ್ಳುವುದು.